ಕೊರೂನ್ಯದ ಸಾಲದ ಪುಸ್ತಕ

ಚಿಕ್ಕಮಗಳೂರಿನಲ್ಲಿ ನಕಾಶೆ ಕೊಟ್ಟರೆ ಬ್ರೆಜಿಲ್ ತೋರಿಸಲು ಬಾರದವರಿಗೂ ಅಲ್ಲಿ ಈ ವರ್ಷ ಮಳೆ ಹೇಗಿದೆ ಎಂದು ಗೊತ್ತಿರುತ್ತದೆ. ಅಲ್ಲಿ ಬೆಳೆ ಚೆನ್ನಾಗಿ ಬಂದರೆ ಇಲ್ಲಿ ಕಾಫಿ ರೇಟು ಬೀಳುತ್ತದೆ. ಅಲ್ಲಿ ಕೆಟ್ಟರೆ ಇಲ್ಲಿ ಹೊಸ ಜೀಪು ಬರುತ್ತದೆ. 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಹಿಮ ಬಿತ್ತು. ಆಲ್ದೂರು ಹತ್ತಿರದ ಒಂದು ಎಸ್ಟೇಟಿನಲ್ಲಿ ನಮ್ಮಪ್ಪ ರೈಟರ್. ಸಂಜೆಯಾದರೆ ಅವರಿಗೆ ಬೇಕಾಗಿದ್ದು ಹಿಮದ ಸುದ್ದಿ. ನನಗೆ ಬೇಕಾಗಿದ್ದು ಅದೇ ದೇಶದ ಇನ್ನೊಂದು ಸುದ್ದಿ. ಅಮೆರಿಕದಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆಯುತ್ತಿತ್ತು.

"ಬ್ರೆಜಿಲ್‌ನೋರೇ ಗೆದ್ರು ಅಪ್ಪ" ಎಂದೆ.

"ಪಾಪ, ಬೆಳೆ ಕಳ್ಕೊಂಡಿದಾರೆ. ಕಪ್ಪಾದ್ರೂ ಸಿಗ್ಲಿ ಬಿಡು" ಎಂದರು.

ಆ ತಂಡದ ಬೆಬೆಟೊ ನಿಮಗೆ ನೆನಪಿರಬಹುದು. ಗೋಲು ಹೊಡೆದು, ಆಗ ತಾನೇ ಹುಟ್ಟಿದ ಮಗುವನ್ನು ತೂಗುವ ಹಾಗೆ ಕೈ ಆಡಿಸಿದವನು. ಅವನೂ ಮೌರೊ ಸಿಲ್ವಾನೂ ಆಡುತ್ತಿದ್ದದ್ದು ಸ್ಪೇನ್‌ನ ಡೆಪೊರ್ಟಿವೊ ದೆ ಲಾ ಕೊರೂನ್ಯ ಎಂಬ ಕ್ಲಬ್ಬಿಗೆ. ಪೇಪರಿನ ಮೂಲೆಯಲ್ಲಿ ಓದಿದ ಆ ಹೆಸರು ನನಗೆ ಅಂಟಿಕೊಂಡಿತು. ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ಅನ್ನುವವರು ಊರ ತುಂಬ ಸಿಗುತ್ತಾರೆ. ಡೆಪೊರ್ ಅನ್ನುವವನು ಚಿಕ್ಕಮಗಳೂರಿನಲ್ಲಿ ಬಹುಶಃ ನಾನೊಬ್ಬನೇ.

ಕೊರೂನ್ಯ ಸ್ಪೇನ್‌ನ ವಾಯವ್ಯ ಮೂಲೆಯಲ್ಲಿ, ಗಲೀಸಿಯಾದಲ್ಲಿದೆ. ಸುಮಾರು ಎರಡೂವರೆ ಲಕ್ಷ ಜನರ ಊರು. ಮಳೆ ಜಾಸ್ತಿ. ರಿಯಾಜೋರ್ ಎಂಬ ಮೈದಾನ ಸಮುದ್ರದ ಪಕ್ಕದಲ್ಲೇ ಇದೆ. ಕ್ಲಬ್ ಶುರುವಾದದ್ದು 1906ರಲ್ಲಿ. ಅದರ ಬಹುಪಾಲು ಕಾಲ ಮೇಲಕ್ಕೂ ಕೆಳಕ್ಕೂ ಓಡಾಡಿಕೊಂಡೇ ಇತ್ತು. 1988ರಲ್ಲಿ ಲೆಂಡೊಯ್ರೊ ಅಧ್ಯಕ್ಷರಾದರು. 1991ರಲ್ಲಿ ತಂಡ ಮೊದಲ ದರ್ಜೆಗೆ ವಾಪಸ್ ಬಂತು. ಮರುವರ್ಷ ಬ್ರೆಜಿಲ್‌ನಿಂದ ಆ ಇಬ್ಬರನ್ನೂ ಕರೆತಂದರು. ಮೊದಲ ಸೀಸನ್‌ನಲ್ಲೇ ಬೆಬೆಟೊ 29 ಗೋಲು ಹೊಡೆದ, ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು.

ನಾನು ಹೆಸರು ಓದುವ ಎರಡು ತಿಂಗಳು ಮುಂಚೆಯೇ ಆ ಕ್ಲಬ್ಬಿಗೆ ಒಂದು ದೊಡ್ಡ ಪೆಟ್ಟು ಬಿದ್ದಿತ್ತು. ಅದು ನನಗೆ ಆಮೇಲೆ ಗೊತ್ತಾಯಿತು. 1994ರ ಮೇ 14, ಲೀಗಿನ ಕೊನೆಯ ದಿನ. ರಿಯಾಜೋರ್‌ನಲ್ಲಿ ವಲೆನ್ಸಿಯಾ ಎದುರು ಗೆದ್ದರೆ ಡೆಪೊರ್ ಚಾಂಪಿಯನ್. ಸ್ಕೋರ್ 0-0. ಕೊನೆಯ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿತು. ಮಾಮೂಲಿಯಾಗಿ ಪೆನಾಲ್ಟಿ ಹೊಡೆಯುವ ಡೊನಾಟೊ ಆಗಲೇ ಮೈದಾನದಿಂದ ಹೊರಗೆ ಕೂತಿದ್ದ. ಬೆಬೆಟೊ ಮುಂದೆ ಬರಲಿಲ್ಲ. ಬಂದದ್ದು ಡಿಫೆಂಡರ್ ಜೂಕಿಚ್. ಮೆಲ್ಲಗೆ ಹೊಡೆದ. ಗೋಲ್‌ಕೀಪರ್ ಗೊನ್ಸಾಲೆಸ್ ಹಿಡಿದೇಬಿಟ್ಟ. ಅತ್ತ ಬಾರ್ಸಿಲೋನಾ ಸೆವಿಯ್ಯಾ ತಂಡವನ್ನು 5-2ರಿಂದ ಸೋಲಿಸಿತ್ತು. ಇಬ್ಬರಿಗೂ 56 ಪಾಯಿಂಟ್. ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ಕಪ್ ಬಾರ್ಸಿಲೋನಾಕ್ಕೆ ಹೋಯಿತು. ಇಡೀ ಸೀಸನ್‌ನ 38 ಪಂದ್ಯಗಳಲ್ಲಿ ಬರೀ 18 ಗೋಲು ಬಿಟ್ಟುಕೊಟ್ಟ ತಂಡ ಅದು! ಜೂಕಿಚ್‌ನನ್ನು ಬೈಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು. ಬೇರೆ ಯಾರೂ ಮುಂದೆ ಬರದಾಗ ಬಂದವನು ಅವನು, ಅಲ್ವಾ?

ಅದು ಅದೃಷ್ಟದ ಮಾತು. ಆಮೇಲೆ ನಡೆದದ್ದು ಅದೃಷ್ಟದ ಮಾತಲ್ಲ, ಲೆಕ್ಕದ್ದು. ಲೆಕ್ಕ ಬರೆಯುವುದೇ ನನ್ನ ಕಸುಬು. ಅಪ್ಪ ಎಸ್ಟೇಟಿನ ಚೆಕ್‌ರೋಲ್ ಬರೆಯುತ್ತಿದ್ದರು. ನಾನು ಐ.ಜಿ. ರಸ್ತೆಯ ಒಂದು ಸಣ್ಣ ಆಫೀಸಿನಲ್ಲಿ ಕೂತು ತೋಟದವರ ಖಾತೆ ನೋಡುತ್ತೇನೆ. ಹಾಗಾಗಿ ಡೆಪೊರ್ ಕಥೆಯನ್ನು ನಾನು ಸ್ವಲ್ಪ ಬೇರೆ ಥರ ಓದುತ್ತೇನೆ.

2000ದ ಮೇ 19ರಂದು ಕೊನೆಗೂ ಕಪ್ ಬಂತು. ಕೋಚ್ ಇರುರೆಟಾ. ಎಸ್ಪಾನ್ಯೋಲ್ ಎದುರು 2-0. ಮೊದಲ ಗೋಲು ಡೊನಾಟೊನದು, ವಯಸ್ಸು 37. ಎರಡನೆಯದು ಮಕಾಯ್‌ನದು. ಸ್ಪೇನ್‌ನಲ್ಲಿ ಇವತ್ತಿಗೂ ಲೀಗ್ ಗೆದ್ದಿರುವುದು ಒಂಬತ್ತೇ ಕ್ಲಬ್ಬು. ಅದರಲ್ಲಿ ಇದೂ ಒಂದು. ಅಲ್ಲಿಂದ ಐದು ವರ್ಷ ಸತತವಾಗಿ ಯುರೋಪಿನ ದೊಡ್ಡ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಆಡಿದರು. 2002ರ ಮಾರ್ಚ್ 6, ರಿಯಲ್ ಮ್ಯಾಡ್ರಿಡ್‌ಗೆ ನೂರು ತುಂಬಿದ ದಿನ. ತಮ್ಮದೇ ಮೈದಾನದಲ್ಲಿ ಕೋಪಾ ದೆಲ್ ರೇ ಎಂಬ ಸ್ಪೇನ್‌ನ ಇನ್ನೊಂದು ಕಪ್ಪಿನ ಫೈನಲ್ ಗೆದ್ದು ಹಬ್ಬ ಮಾಡೋಣ ಅಂತ ಅವರು ಕಾದಿದ್ದರು. ಡೆಪೊರ್ 2-1ರಿಂದ ಗೆದ್ದು ಹಬ್ಬದೂಟಕ್ಕೆ ಮಣ್ಣು ಹಾಕಿತು. ಇಂಥದ್ದು ಕೇಳಿದರೆ ಯಾರಿಗೆ ಖುಷಿಯಾಗಲ್ಲ ಹೇಳಿ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದು 2004ರ ಏಪ್ರಿಲ್ 7. ನಮ್ಮ ಲೆಕ್ಕಕ್ಕೆ 8, ಯಾಕೆಂದರೆ ಪಂದ್ಯ ಶುರುವಾದದ್ದು ಮಧ್ಯರಾತ್ರಿ ಹನ್ನೆರಡೂಕಾಲಿಗೆ. ಎದುರಾಳಿ ಯುರೋಪಿನ ಹಾಲಿ ಚಾಂಪಿಯನ್ ಎ.ಸಿ. ಮಿಲಾನ್. ಅವರ ಊರಲ್ಲಿ ಮೊದಲ ಪಂದ್ಯ 4-1ಕ್ಕೆ ಸೋತಾಗಿತ್ತು. ಚಾಂಪಿಯನ್ಸ್ ಲೀಗ್‌ನ ನಾಕೌಟ್‌ನಲ್ಲಿ ಮೂರು ಗೋಲಿನ ಹಿನ್ನಡೆಯನ್ನು ಅದುವರೆಗೆ ಯಾರೂ ತುಂಬಿಕೊಂಡಿರಲಿಲ್ಲ. ಆ ವಾರ ಇಲ್ಲಿ ಸಂಜೆಯಾದರೆ ಗುಡುಗು. ಹೂಮಳೆ ಬಿದ್ದರೆ ತೋಟಕ್ಕೆ ಒಳ್ಳೆಯದು, ಕರೆಂಟಿಗೆ ಕೆಟ್ಟದ್ದು. ನಾನು ಮಳೆ ಬೇಡ ಅಂತ ಕೇಳಿಕೊಂಡೆ. ಕಾಫಿ ನಾಡಿನಲ್ಲಿ ಏಪ್ರಿಲ್ ತಿಂಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳಿದರೆ ಒದೆ ಬೀಳುತ್ತದೆ.

ಐದನೇ ನಿಮಿಷಕ್ಕೆ ಪಾಂಡಿಯಾನಿ. ಆಮೇಲೆ ವಲೆರಾನ್ ತಲೆಯಿಂದ. ಹಾಫ್‌ಟೈಮಿಗೆ ಮುಂಚೆ ಲೂಕೆ. 3-0. ಅಷ್ಟಕ್ಕೇ ಡೆಪೊರ್ ಮುಂದೆ, ಯಾಕೆಂದರೆ ಎರಡು ಪಂದ್ಯ ಸೇರಿ 4-4 ಆದರೂ ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ಆಗ ಬೆಲೆ ಹೆಚ್ಚು. ಅಪ್ಪ ನೀರು ಕುಡಿಯಲು ಎದ್ದು ಬಂದವರು ಕೂತೇಬಿಟ್ಟರು. "ಮಿಲಾನಂದ್ರೆ ದೊಡ್ಡೋರಲ್ವೇನೋ? ಯಾಕಿಂಗೆ ಬೆದರಿದಾರೆ?" ಎಂದರು. 76ನೇ ನಿಮಿಷದಲ್ಲಿ ಕ್ಯಾಪ್ಟನ್ ಫ್ರಾನ್ ನಾಲ್ಕನೆಯದು ಹೊಡೆದ. ಫ್ರಾನ್ 1988ರಿಂದ ಅದೇ ಕ್ಲಬ್ಬಿನವನು. ಆ ಪೆನಾಲ್ಟಿಯ ದಿನವೂ ಇದ್ದವನು. ಮಿಲಾನ್ ಅನ್ನು ದಾಟಿದರೆ ಗಲೀಸಿಯಾದ ಯಾತ್ರಾಸ್ಥಳ ಸಾಂತಿಯಾಗೊಗೆ ಕಾಲ್ನಡಿಗೆಯಲ್ಲಿ ಬರುತ್ತೇನೆ ಎಂದು ಕೋಚ್ ಇರುರೆಟಾ ಹರಕೆ ಹೊತ್ತಿದ್ದರಂತೆ. ನಡೆದು ತೀರಿಸಿದರು ಕೂಡ. ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ಚಾರ್ಮಾಡಿ ಘಾಟಿಯಲ್ಲಿ ಪ್ರತಿವರ್ಷ ನೋಡುವ ನಮಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಸೆಮಿಫೈನಲ್‌ನಲ್ಲಿ ಮೊರಿನೊ ಅವರ ಪೋರ್ಟೊ ಎದುರು ಎರಡು ಪಂದ್ಯ ಸೇರಿ ಒಂದೇ ಗೋಲಿನಿಂದ ಸೋತರು. ಆ ಗೋಲು ಬಂದದ್ದೂ ರಿಯಾಜೋರ್‌ನಲ್ಲಿ ಒಂದು ಪೆನಾಲ್ಟಿಯಿಂದ. ಮುಂದಿನ ಸೀಸನ್‌ನ ಚಾಂಪಿಯನ್ಸ್ ಲೀಗ್‌ನಲ್ಲಿ ಆರು ಪಂದ್ಯ ಆಡಿ ಒಂದೇ ಒಂದು ಗೋಲು ಹೊಡೆಯಲಿಲ್ಲ. ಅಲ್ಲಿಗೆ ಯುರೋಪಿನ ದುಡ್ಡು ನಿಂತಿತು.

ಈಗ ಲೆಕ್ಕಕ್ಕೆ ಬರೋಣ. 1994ರ ಹಿಮದಿಂದ ರೇಟು ಏರಿದಾಗ ನಮ್ಮ ಕಡೆ ಎಷ್ಟು ಜನ ಆ ರೇಟು ಖಾಯಂ ಎಂದುಕೊಂಡು ಸಾಲ ಮಾಡಿ ಪಕ್ಕದ ತೋಟ ಕೊಂಡರು! 2001, 2002ರಲ್ಲಿ ರೇಟು ನೆಲ ಕಚ್ಚಿತು. ತೋಟ ಇತ್ತು, ಬೆಳೆಯೂ ಇತ್ತು, ಕಂತು ಮಾತ್ರ ಕಟ್ಟಲಾಗಲಿಲ್ಲ. ಲೆಂಡೊಯ್ರೊ ಮಾಡಿದ್ದೂ ಅದನ್ನೇ. ದೊಡ್ಡ ಸಂಬಳದ ಆಟಗಾರರು, ಪ್ರತಿವರ್ಷ ಚಾಂಪಿಯನ್ಸ್ ಲೀಗ್ ಆಡುತ್ತೇವೆ ಎಂಬ ನಂಬಿಕೆ, ಆ ನಂಬಿಕೆಯ ಮೇಲೆ ಸಾಲ. ತೆರಿಗೆ ಇಲಾಖೆಗೂ ಬಾಕಿ ಏರುತ್ತಲೇ ಹೋಯಿತು. 2011ರಲ್ಲಿ 43 ಪಾಯಿಂಟ್ ಇದ್ದೂ ಎರಡನೇ ದರ್ಜೆಗೆ ಬಿದ್ದರು. ಕೊನೆಯ ಪಂದ್ಯದಲ್ಲಿ ಸೋತದ್ದು ಮತ್ತೆ ಅದೇ ವಲೆನ್ಸಿಯಾಕ್ಕೆ, ಅದೇ ರಿಯಾಜೋರ್‌ನಲ್ಲಿ. ಮರುವರ್ಷ ಮೇಲೆ ಬಂದರು. 2013ರ ಜನವರಿಯಲ್ಲಿ ಕ್ಲಬ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸಾಲ 150 ಮಿಲಿಯನ್ ಯೂರೋ ದಾಟಿತ್ತು. ನಮ್ಮ ದುಡ್ಡಿನಲ್ಲಿ ಆಗಿನ ಸಾವಿರ ಕೋಟಿಗೂ ಮೇಲೆ. ಆ ಸೀಸನ್ ಮುಗಿಯುವ ಹೊತ್ತಿಗೆ ಮತ್ತೆ ಕೆಳಗೆ. 2014ರಲ್ಲಿ ಮೇಲೆ, 2018ರಲ್ಲಿ ಕೆಳಗೆ.

2020ರದ್ದು ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಕೊನೆಯ ದಿನ ಡೆಪೊರ್ ಆಡಲೇ ಇಲ್ಲ. ಎದುರಾಳಿ ಫುಯೆನ್ಲಾಬ್ರಾಡಾ ತಂಡದಲ್ಲಿ ಕೋವಿಡ್ ಕಾಣಿಸಿಕೊಂಡು ಪಂದ್ಯ ಮುಂದಕ್ಕೆ ಹೋಯಿತು. ಬೇರೆಯವರ ಪಂದ್ಯಗಳು ನಡೆದವು. ಆ ಫಲಿತಾಂಶಗಳಿಂದಲೇ ಡೆಪೊರ್ ಮೂರನೇ ದರ್ಜೆಗೆ ಇಳಿಯಿತು. ಆಡದೆ ಕೂತಿದ್ದ ತಂಡ ಹಾಗೇ ಬಿತ್ತು. ಸಾಲ ಕೊಟ್ಟಿದ್ದ ಗಲೀಸಿಯಾದ ಅಬಾಂಕಾ ಬ್ಯಾಂಕ್ ತನ್ನ ಸಾಲವನ್ನು ಷೇರಾಗಿ ಮಾಡಿಕೊಂಡು ಕ್ಲಬ್ಬಿನ ಯಜಮಾನ ಆಯಿತು. ಸಾಲ ಕಟ್ಟದವರ ಆಸ್ತಿ ಹರಾಜಿಗೆ ಬ್ಯಾಂಕು ಕಳಿಸುವ ಸರ್ಫೇಸಿ ನೋಟಿಸು ಹಿಡಿದು ನನ್ನ ಟೇಬಲ್ ಮುಂದೆ ಕೂರುವ ಗೌಡರಿಗೆ ಇದನ್ನು ಹೇಳಿದಾಗ ಒಬ್ಬರು ಕೇಳಿದರು: "ಅವ್ರ ಬ್ಯಾಂಕು ಹರಾಜಿಗಿಡದೆ ತಾನೇ ನಡೆಸ್ತಂತಾ? ನಮ್ಮೋರಿಗೂ ಸ್ವಲ್ಪ ಹೇಳಿ ಮಾರಾಯ್ರೆ."

ಹಾಗಂತ ಲೆಂಡೊಯ್ರೊ ಕಳ್ಳ, ಮೂರ್ಖ ಎನ್ನಲು ನನಗೆ ಮನಸ್ಸಿಲ್ಲ. ಅಷ್ಟು ಸಾಲ ಮಾಡದೆ ಆ ಏಪ್ರಿಲ್ ರಾತ್ರಿ ಬರುತ್ತಿರಲಿಲ್ಲ. ಸಾಲ ತಪ್ಪಲ್ಲ, ರೇಟು ಇಳಿಯಲು ಶುರುವಾದ ಮೇಲೂ ಖರ್ಚು ಇಳಿಸದೆ ಇದ್ದದ್ದು ತಪ್ಪು. ಬರುವವರಿಗೆಲ್ಲ ನಾನು ಹೇಳುವುದೂ ಇದನ್ನೇ. ಕೇಳುವವರು ಕಡಿಮೆ.

ಮೂರನೇ ದರ್ಜೆಯಲ್ಲಿ ನಾಲ್ಕು ವರ್ಷ ಕಳೆದರು. ಆ ನಡುವೆ ಲೂಕಾಸ್ ಪೆರೆಸ್ ಬಂದ. ಕೊರೂನ್ಯದಲ್ಲೇ ಹುಟ್ಟಿದವನು. ಆರ್ಸೆನಲ್‌ನಲ್ಲೂ ಆಡಿದವನು. 2023ರ ಜನವರಿಯಲ್ಲಿ ಮೊದಲ ದರ್ಜೆಯ ಕಾದೀಸ್ ತಂಡ ಬಿಟ್ಟು, ಬಿಡುಗಡೆಗೆ ಸುಮಾರು ಐದು ಲಕ್ಷ ಯೂರೋ ತನ್ನ ಜೇಬಿನಿಂದಲೂ ಹಾಕಿ, ಎರಡು ದರ್ಜೆ ಕೆಳಗಿದ್ದ ಊರ ತಂಡಕ್ಕೆ ಬಂದ. 2024ರ ಮೇ 12ರಂದು ಬಾರ್ಸಿಲೋನಾದ ಎರಡನೇ ತಂಡದ ಎದುರು ಅವನ ಒಂದು ಫ್ರೀ ಕಿಕ್. 1-0. ಡೆಪೊರ್ ಎರಡನೇ ದರ್ಜೆಗೆ ಏರಿತು. ಮೂರನೇ ದರ್ಜೆಯ ಪಂದ್ಯಕ್ಕೆ ರಿಯಾಜೋರ್ ತುಂಬಿ ತುಳುಕುತ್ತಿತ್ತು.

ಅಕ್ಕನ ಮಗ ಅದನ್ನು ನನ್ನ ಫೋನಿನಲ್ಲಿ ನೋಡಿ, "ಮಾಮ, ಸೆಕೆಂಡ್ ಡಿವಿಷನ್‌ಗೆ ಹೋಗಿದ್ದಕ್ಕೆ ಇಷ್ಟೊಂದು ಅಳ್ತಾರಾ?" ಎಂದ. ಅವನದು ರಿಯಲ್ ಮ್ಯಾಡ್ರಿಡ್. ಅವನಿಗೆ ನೂರನೇ ವರ್ಷದ ಹಬ್ಬದ ಕಥೆ ಹೇಳಿದೆ, ಗೋಲು ಹೊಡೆದವರ ಹೆಸರು ಸಮೇತ: ಸೆರ್ಹಿಯೊ, ಡಿಯಾಗೊ ತ್ರಿಸ್ತಾನ್. ಅವನು ನಂಬಲಿಲ್ಲ. ಫೋನ್ ಕಿತ್ತುಕೊಂಡು ಹುಡುಕಿದ. ಸಿಕ್ಕಿತು. ಆಮೇಲೆ ಊಟ ಮುಗಿಯುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.