ಹತ್ತು ರೂಪಾಯಿ ಪಾಕೀಟು

ಗಂಗಾವತಿ ಬಸ್‌ಸ್ಟ್ಯಾಂಡಿನಾಗ ಬಸ್ಸಿಗೆ ಕಾಯ್ಕೊಂತ ಕುಂತಿದ್ವಿ. ಮಗಳು ಕುರುಕಲು ಪಾಕೀಟು ತಿರುವಿ, ‘ಪಪ್ಪಾ, 627, 631 ಅಂದ್ರ ಏನು?’ ಅಂದ್ಲು. ಚಷ್ಮಾ ಹಾಕ್ಕೊಂಡು ನೋಡಿದೆ, ಅಕ್ಷರ ಸಾಸಿವಿಗಿಂತ ಸಣ್ಣವು. ಆ ನಂಬರು ರುಚಿ ಏರಿಸೋ ಪದಾರ್ಥದವು. ನಂಬರ್ ಕಂಡ ಕೂಡ್ಲೇ ಹೆದರಬೇಕಂತೇನಿಲ್ಲ; 330 ಅಂದ್ರ ನಿಂಬಿಹಣ್ಣಿನಾಗ ಇರೋ ಸಿಟ್ರಿಕ್ ಆಸಿಡ್ಡೇ. ನನ್ನ ಚಿಂತಿ ಬ್ಯಾರೆ. ಏನೇನು ಹಾಕ್ಯಾರ ಅನ್ನೋ ಪಟ್ಟಿಯೊಳಗ ಹೆಚ್ಚಿಗಿರೋದು ಮೊದಲು ಬರತೈತಿ. ಇದ್ರಾಗ ಎರಡನೇದೇ ಪಾಮೋಲಿನ್, ಅಂದ್ರ ತಾಳೆ ಎಣ್ಣಿ. ಉಪ್ಪು ದೊಡ್ಡೋರಿಗೇ ದಿನಕ್ಕ 5 ಗ್ರಾಂ ಒಳಗಿರಬೇಕಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ. ಪಾಕೀಟಿನ ಮ್ಯಾಲ ಇರೋದು ಸೋಡಿಯಂ ಲೆಕ್ಕ, ಉಪ್ಪು ತಿಳೀಬೇಕಂದ್ರ ಅದನ್ನ ಎರಡೂವರೆ ಪಟ್ಟು ಮಾಡ್ಬೇಕು.

ಇಷ್ಟು ಹೇಳೋದ್ರಾಗ ಪಾಕೀಟು ಖಾಲಿ. ನಾನೂ ಎದುರಿನ ಬಂಡ್ಯಾಗ ಮಂಡಕ್ಕಿ ಒಗ್ಗರಣಿ-ಮಿರ್ಚಿ ಕಟ್ಟಿಸ್ಕೊಂಡೆ. ಆ ಎಣ್ಣಿ ಎಷ್ಟನೇ ಸಲ ಕಾದಿತ್ತೋ, ಅದಕ್ಕ ಲೇಬಲ್ಲೇ ಇಲ್ಲ!