ಉಪಪ್ರಶ್ನೆ ಕೇಳಿದ ಶಾಸಕರು

ಇಂದು ವಿಧಾನಸಭೆಯ ಪ್ರಶ್ನೋತ್ತರ ಕಲಾಪವನ್ನು ಮೊಬೈಲ್‌ನಲ್ಲಿ ನೋಡುತ್ತಿದ್ದೆ.

ಶಾಸಕರೊಬ್ಬರು ಎದ್ದು ನಿಂತರು. ತಮ್ಮ ಕ್ಷೇತ್ರದ ಒಂದು ಹಳ್ಳಕ್ಕೆ ಸೇತುವೆ ಬೇಕು, ಅಷ್ಟೇ ಪ್ರಶ್ನೆ. ಸಚಿವರ ಉತ್ತರ ಅಚ್ಚಾಗಿ ಕೈಗೆ ಬಂದಿತ್ತು: ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು.’

ಬಹಳ ಮಂದಿ ಅಲ್ಲಿಗೇ ಕುಳಿತುಬಿಡುತ್ತಾರೆ. ಇವರು ಕೂರಲಿಲ್ಲ.

ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು: ‘ಮಾನ್ಯ ಸಭಾಧ್ಯಕ್ಷರೇ, ಅಂದಾಜು ಪಟ್ಟಿ ಸಿದ್ಧವಾಗಿದೆ ಎಂದು ಉತ್ತರದಲ್ಲೇ ಇದೆ. ಆ ಕಡತ ಈಗ ಯಾರ ಮೇಜಿನ ಮೇಲಿದೆ?’

ಸಚಿವರು ಅಧಿಕಾರಿಗಳತ್ತ ತಿರುಗಿ ನೋಡಿದರು. ಚೀಟಿಯೊಂದು ಬಂತು. ಕಡತ ಇನ್ನೊಂದು ಇಲಾಖೆಯಲ್ಲಿದೆಯಂತೆ.

ಚುಕ್ಕೆ ಗುರುತಿನ ಪ್ರಶ್ನೆಯ ಬಲವೇ ಇದು. ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕು, ಉಪಪ್ರಶ್ನೆಗೂ ಅವಕಾಶ ಉಂಟು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬಂದರೆ ಮುಗಿಯಿತು.

224 ಕ್ಷೇತ್ರಗಳ ಸದನದಲ್ಲಿ ಒಂದು ಹಳ್ಳದ ಹೆಸರು ನಡಾವಳಿಗೆ ಸೇರುವುದು ಸಣ್ಣ ಮಾತಲ್ಲ. ಗದ್ದಲದಲ್ಲಿ ಕಲಾಪ ಮುಂದೂಡಿದ ದಿನ ನನಗೆ ಸಂಕಟವಾಗುವುದು ಇಂಥ ಪ್ರಶ್ನೆಗಳಿಗಾಗಿಯೇ. ಅವರು ಯಾವ ಪಕ್ಷದವರೆಂದು ನಾನು ಗಮನಿಸಲೂ ಇಲ್ಲ.

ನಿಮ್ಮ ಶಾಸಕರು ಈ ಅಧಿವೇಶನದಲ್ಲಿ ಏನು ಕೇಳಿದ್ದಾರೆ? ಗೊತ್ತಿದ್ದವರು ಹೇಳಿ, ತಿಳಿದುಕೊಳ್ಳುವ ಆಸೆ ನನಗಿದೆ.