ಬಣ್ಣ ಒಣಗಿಸುವ ಸೋಪು

ಬೋರ್‌ವೆಲ್ ನೀರಿನಲ್ಲಿ ಬಟ್ಟೆ ಒಗೆದವರಿಗೆಲ್ಲ ಗೊತ್ತು: ಸೋಪನ್ನು ಎಷ್ಟು ತಿಕ್ಕಿದರೂ ನೊರೆ ಏಳುವುದಿಲ್ಲ, ಬಕೆಟ್ಟಿನ ಅಂಚಿಗೆ ಬೂದುಬಿಳಿ ಜಿಡ್ಡು ಮೆತ್ತಿಕೊಳ್ಳುತ್ತದೆ. ಆ ಜಿಡ್ಡು ಕ್ಯಾಲ್ಸಿಯಂ ಸೋಪು. ಸೋಪಿನ ಸೋಡಿಯಂ ನೀರಿಗೆ ಹೋಗಿ, ಗಡಸು ನೀರಿನ ಕ್ಯಾಲ್ಸಿಯಂ ಅದರ ಜಾಗ ಹಿಡಿಯಿತು. ಅಷ್ಟಕ್ಕೇ ನೀರಿನಲ್ಲಿ ಕರಗುತ್ತಿದ್ದದ್ದು ಕರಗದಂತಾಯಿತು. ಬಚ್ಚಲಲ್ಲಿ ಕಾಟ ಕೊಡುವ ಇದೇ ಬಗೆಯ ವಸ್ತುಗಳನ್ನು ಕಾರ್ಖಾನೆಗಳು ಬೇಕೆಂದೇ ಟನ್‌ಗಟ್ಟಲೆ ತಯಾರಿಸುತ್ತವೆ. ಸತು, ಕೋಬಾಲ್ಟ್, ಲಿಥಿಯಂ, ಜಿರ್ಕೋನಿಯಂ ಹೀಗೆ ಲೋಹ ಬದಲಾದಂತೆ ಕೆಲಸವೂ ಬದಲಾಗುತ್ತದೆ. ಉದ್ಯಮದಲ್ಲಿ ಇವಕ್ಕೆ ಲೋಹದ ಸೋಪು ಎಂದೇ ಹೆಸರು.

ಲೋಹದ ಸೋಪಿನಲ್ಲಿ ಎರಡು ಪಾಲು: ಲೋಹ, ಅದಕ್ಕೆ ಕಟ್ಟಿಕೊಂಡ ಕಾರ್ಬನ್ ಸರಪಳಿಯ ಆಮ್ಲ. ಕೆಲಸ ಮಾಡುವುದು ಲೋಹ. ಅದನ್ನು ಎಣ್ಣೆಯಲ್ಲೋ ಟರ್ಪೆಂಟೈನ್‌ನಲ್ಲೋ ಪ್ಲಾಸ್ಟಿಕ್ಕಿನಲ್ಲೋ ಬೆರೆಯುವಂತೆ ಮಾಡುವುದು ಆಮ್ಲ. ಕೋಬಾಲ್ಟ್ ಸಲ್ಫೇಟನ್ನು ಎನಾಮಲ್ ಬಣ್ಣಕ್ಕೆ ಸುರಿದರೆ ಡಬ್ಬಿಯ ತಳದಲ್ಲಿ ಮರಳಿನಂತೆ ಕೂರುತ್ತದೆ. ಅದೇ ಕೋಬಾಲ್ಟನ್ನು ಎಂಟು ಕಾರ್ಬನ್ನಿನ, ಕವಲೊಡೆದ ಎಥೈಲ್ ಹೆಕ್ಸನೋಯಿಕ್ ಆಮ್ಲಕ್ಕೆ ಕಟ್ಟಿದರೆ ನೇರಳೆ ಬಣ್ಣದ ದ್ರವವಾಗಿ ಸಲೀಸಾಗಿ ಬೆರೆಯುತ್ತದೆ. ಮಾರುಕಟ್ಟೆಯಲ್ಲಿ ಅದು ಕೋಬಾಲ್ಟ್ ಆಕ್ಟೋಯೇಟ್. ಇವುಗಳನ್ನು ಬಳಸುವಾಗ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಲೋಹದ ಲೆಕ್ಕ ಬಿಟ್ಟು ದ್ರವದ ಲೆಕ್ಕ ಹಿಡಿದಾಗ ಬರುವಂಥವು. ಎನಾಮಲ್ ಬಣ್ಣದಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಎನಾಮಲ್ ಒಣಗುವುದು ಒದ್ದೆ ಬಟ್ಟೆ ಆರಿದ ಹಾಗಲ್ಲ. ಟರ್ಪೆಂಟೈನ್ ಹಾರಿಹೋದ ಮೇಲೂ ಉಳಿಯುವುದು ಆಲ್ಕಿಡ್ ರೆಸಿನ್ ಎಂಬ, ಎಣ್ಣೆ ಸೇರಿಸಿ ಮಾಡಿದ ಅಂಟಂಟಾದ ವಸ್ತು. ಅದರಲ್ಲಿರುವ ಅಗಸೆ ಎಣ್ಣೆ ಅಥವಾ ಸೋಯಾ ಎಣ್ಣೆಯ ಕೊಂಡಿಗಳು ಗಾಳಿಯ ಆಮ್ಲಜನಕ ಹೀರಿ ಹೈಡ್ರೋಪೆರಾಕ್ಸೈಡ್ ಆಗುತ್ತವೆ. ಅವು ಮುರಿದಾಗ ಹುಟ್ಟುವ ತುಣುಕುಗಳು ಒಂದು ಸರಪಳಿಯನ್ನು ಇನ್ನೊಂದಕ್ಕೆ ಹೆಣೆಯುತ್ತವೆ. ಹಾಗೇ ಬಿಟ್ಟರೆ ಇದಕ್ಕೆ ದಿನಗಟ್ಟಲೆ ಬೇಕು. ಕೋಬಾಲ್ಟ್ ಎರಡನೇ ಮತ್ತು ಮೂರನೇ ವೇಲೆನ್ಸಿಗಳ ನಡುವೆ ಹಿಂದೆಮುಂದೆ ಓಡಾಡುತ್ತ ಆ ಪೆರಾಕ್ಸೈಡ್‌ಗಳನ್ನು ಒಂದೇ ಸಮನೆ ಮುರಿಯುತ್ತದೆ. ಕೆಲಸ ಮುಗಿದರೂ ತಾನು ಖರ್ಚಾಗುವುದಿಲ್ಲ. ಹಾಗಾಗಿಯೇ ಅತಿ ಕಡಿಮೆ ಪ್ರಮಾಣ ಸಾಕು.

ಕೋಬಾಲ್ಟ್ ಒಂದೇ ಇದ್ದರೆ ಮೇಲ್ಪದರ ಮಾತ್ರ ಬೇಗ ಬಿಗಿಯುತ್ತದೆ, ಒಳಗೆ ಮೆತ್ತಗಿರುತ್ತದೆ. ಪದರದ ಆಳಕ್ಕೆ ಜಿರ್ಕೋನಿಯಂ ಬೇಕು. ಕ್ಯಾಲ್ಸಿಯಂ ತಾನಾಗಿ ಏನನ್ನೂ ಒಣಗಿಸುವುದಿಲ್ಲ. ಅದರ ಕೆಲಸ ಬೇರೆ, ಮುಂದೆ ಹೇಳುತ್ತೇನೆ. ರೆಸಿನ್ನಿನ ಘನಾಂಶದ ಮೇಲೆ ಲೋಹದ ಲೆಕ್ಕದಲ್ಲಿ ರೂಢಿಯ ಪ್ರಮಾಣ ಇಷ್ಟು: ಕೋಬಾಲ್ಟ್ ಶೇ 0.03ರಿಂದ 0.06, ಜಿರ್ಕೋನಿಯಂ ಶೇ 0.1ರಿಂದ 0.3, ಕ್ಯಾಲ್ಸಿಯಂ ಶೇ 0.05ರಿಂದ 0.2.

ಒಂದು ಲೆಕ್ಕ ಹಾಕಿ ನೋಡೋಣ. 100 ಕೆಜಿ ಬಣ್ಣದಲ್ಲಿ 40 ಕೆಜಿ ಆಲ್ಕಿಡ್ ಘನಾಂಶ ಇದೆ ಎನ್ನಿ. ಶೇ 0.05 ಕೋಬಾಲ್ಟ್ ಎಂದರೆ 20 ಗ್ರಾಂ ಲೋಹ. ಕೈಯಲ್ಲಿರುವುದು ಶೇ 6ರ ಆಕ್ಟೋಯೇಟ್ (ಅಂದರೆ ತೂಕದಲ್ಲಿ ಶೇ 6 ಲೋಹ ಇರುವ ದ್ರಾವಣ) ಆದರೆ 333 ಗ್ರಾಂ, ಶೇ 10ರದ್ದಾದರೆ 200 ಗ್ರಾಂ ತೂಗಬೇಕು. ಜಿರ್ಕೋನಿಯಂ ಶೇ 0.2 ಎಂದರೆ 80 ಗ್ರಾಂ ಲೋಹ, ಶೇ 18ರ ದ್ರಾವಣದಲ್ಲಿ 444 ಗ್ರಾಂ. ಕ್ಯಾಲ್ಸಿಯಂ ಶೇ 0.1 ಎಂದರೆ 40 ಗ್ರಾಂ ಲೋಹ, ಶೇ 5ರ ದ್ರಾವಣದಲ್ಲಿ 800 ಗ್ರಾಂ. ಸರಬರಾಜುದಾರ ಬದಲಾಗಿ ಶೇ 6ರ ಬದಲು ಶೇ 12ರ ಡ್ರಮ್ ಬಂದಿದ್ದನ್ನು ಗಮನಿಸದೆ ಹಳೆಯ 333 ಗ್ರಾಮನ್ನೇ ಸುರಿದರೆ ಕೋಬಾಲ್ಟ್ ದುಪ್ಪಟ್ಟಾಗಿ ಶೇ 0.1 ಮುಟ್ಟುತ್ತದೆ. ಬ್ಯಾಚ್ ಶೀಟಿನಲ್ಲಿ ದ್ರಾವಣದ ತೂಕದ ಪಕ್ಕದಲ್ಲಿ ಲೋಹದ ಶೇಕಡಾವಾರನ್ನೂ ಬರೆಯಲೇಬೇಕು. ಈ ಒಂದು ಕಾಲಂ ಇಲ್ಲದ ಶೀಟನ್ನು ನಂಬಬಾರದು.

ಕೋಬಾಲ್ಟ್ ಹೆಚ್ಚಾದರೆ ಕಾಣುವ ಮೊದಲ ರೋಗ ಸುಕ್ಕು. ಮೇಲ್ಪದರ ಆಮ್ಲಜನಕ ಹೀರಿ ಹಿಗ್ಗುತ್ತದೆ, ಕೆಳಗಿನ ಪದರ ಇನ್ನೂ ಹಸಿಯಾಗಿದ್ದು ಅದನ್ನು ಹಿಡಿದಿಡಲಾರದು, ನೆರಿಗೆ ಬೀಳುತ್ತದೆ. ಬಣ್ಣ ದಪ್ಪಗೆ ಬಳಿದಾಗ, ಕಿಟಕಿ ಚೌಕಟ್ಟಿನ ಮೂಲೆಗಳಲ್ಲಿ ಇಳಿದು ನಿಂತಾಗ ಇದು ಮೊದಲು ಕಾಣುತ್ತದೆ. ಇನ್ನೊಂದು ರೋಗ ಡಬ್ಬಿಯಲ್ಲೇ ಕೆನೆ ಕಟ್ಟುವುದು. ಅದಕ್ಕೆ ಮೀಥೈಲ್ ಎಥೈಲ್ ಕೀಟಾಕ್ಸಿಮ್ ಅನ್ನು ಒಟ್ಟು ಬಣ್ಣದ ಶೇ 0.1ರಿಂದ 0.3ರಷ್ಟು ಹಾಕುತ್ತಾರೆ. ಡಬ್ಬಿ ಮುಚ್ಚಿರುವಷ್ಟು ದಿನ ಅದು ಕೋಬಾಲ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಳಿದ ಮೇಲೆ ಹಾರಿಹೋಗಿ ಬಿಟ್ಟುಕೊಡುತ್ತದೆ. ಹೆಚ್ಚು ಹಾಕಿದರೆ ಒಣಗುವುದೇ ತಡವಾಗುತ್ತದೆ. ಯುರೋಪಿನಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದಾರೆ. ಬೆರೆಸುವ ಜಾಗದಲ್ಲಿ ಗಾಳಿಯಾಡುವ ವ್ಯವಸ್ಥೆ ಇಲ್ಲದೆ ಇದರ ಮುಚ್ಚಳ ತೆಗೆಯಬೇಡಿ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ತಯಾರಾದ ದಿನ ಎಂಟು ಗಂಟೆಯಲ್ಲಿ ಒಣಗಿದ ಬಣ್ಣ, ಮೂರು ತಿಂಗಳು ಗೋದಾಮಿನಲ್ಲಿದ್ದು ಬಂದ ಮೇಲೆ ಮರುದಿನವೂ ಅಂಟುತ್ತದೆ. ಹಾಕಿದ ಕೋಬಾಲ್ಟ್ ಡಬ್ಬಿಯಲ್ಲೇ ಇದೆ, ಆದರೆ ಪಿಗ್ಮೆಂಟಿನ, ಅಂದರೆ ಬಣ್ಣ ಕೊಡುವ ಪುಡಿಯ, ಕಣಗಳ ಮೈಗೆ ಅಂಟಿ ಕೂತಿದೆ. ಕಾರ್ಬನ್ ಬ್ಲ್ಯಾಕ್ ಇದರಲ್ಲಿ ಕುಖ್ಯಾತ, ಕೆಲವು ಸಾವಯವ ಕೆಂಪು-ನೀಲಿಗಳೂ ಹಾಗೇ. ಕ್ಯಾಲ್ಸಿಯಂ ಬೇಕಾಗುವುದು ಇಲ್ಲಿ. ಕೋಬಾಲ್ಟಿಗಿಂತ ಮೊದಲು ಹೋಗಿ ಆ ಮೈಯನ್ನು ತಾನು ಆವರಿಸಿಕೊಳ್ಳುವುದೇ ಅದರ ಕೆಲಸ. ಆದ್ದರಿಂದ ಕ್ಯಾಲ್ಸಿಯಂ ಆಕ್ಟೋಯೇಟನ್ನು ಪಿಗ್ಮೆಂಟ್ ಅರೆಯುವಾಗಲೇ ಮಿಲ್ಲಿಗೆ ಹಾಕಬೇಕು. ಕೋಬಾಲ್ಟ್ ಕೊನೆಗೆ, ತೆಳು ಮಾಡುವ ಹಂತದಲ್ಲಿ, ಬಣ್ಣ ತಣ್ಣಗಾದ ಮೇಲೆ. ಮೂರನ್ನೂ ಒಟ್ಟಿಗೆ ಕೊನೆಗೆ ಸುರಿಯುವವರಿದ್ದಾರೆ. ಆಗ ಕ್ಯಾಲ್ಸಿಯಮ್ಮಿನ ದುಡ್ಡು ಬಹುಪಾಲು ದಂಡ. ಕಪ್ಪು ಎನಾಮಲ್ ಮಾಡುವವರು ಪ್ರತಿ ಬ್ಯಾಚಿನ ಒಂದು ಮಾದರಿಯನ್ನು 50 ಡಿಗ್ರಿ ಓವನ್ನಿನಲ್ಲಿ ಎರಡು ವಾರ ಇಟ್ಟು, ಮತ್ತೆ ಬಳಿದು ಒಣಗುವ ಸಮಯ ನೋಡಿದರೆ ಈ ರೋಗ ಗೋದಾಮಿಗೆ ಹೋಗುವ ಮುಂಚೆಯೇ ಸಿಕ್ಕಿಬೀಳುತ್ತದೆ.

ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಎನಾಮಲ್ ಒಣಗುವುದಿಲ್ಲ ಎಂಬ ದೂರು ಸದಾ ಇದ್ದದ್ದೇ. ತೇವ ಮತ್ತು ಚಳಿ ಎರಡೂ ಕೋಬಾಲ್ಟಿನ ಕೈ ಕಟ್ಟುತ್ತವೆ. ಸ್ವಲ್ಪ ಮ್ಯಾಂಗನೀಸ್ ಆಕ್ಟೋಯೇಟ್ ಸೇರಿಸಿದರೆ ಅನುಕೂಲವಾಗುತ್ತದೆ, ಆದರೆ ಅದರ ಕಂದು ಛಾಯೆ ಬಿಳಿಯನ್ನು ಕೆಡಿಸುತ್ತದೆ. ಹಾಗಾಗಿ ಕಡು ಬಣ್ಣಗಳಿಗೆ ಮಾತ್ರ ಸರಿ. ಮನೆಯಲ್ಲಿ ಬಳಿಯುವವರಿಗೆ ನನ್ನ ಸಲಹೆ ಒಂದೇ: ಅಂಗಡಿಯಲ್ಲಿ ಸಿಗುವ ಡ್ರೈಯರ್ (ಬಣ್ಣ ಒಣಗಿಸುವ ಲೋಹದ ಸೋಪು) ಬಾಟಲಿಯನ್ನು ಅಂದಾಜಿನಲ್ಲಿ ಸುರಿಯಬೇಡಿ. ಡಬ್ಬಿಯೊಳಗೆ ಈಗಾಗಲೇ ಕೋಬಾಲ್ಟ್ ಇದೆ. ತೆಳ್ಳಗೆ ಎರಡು ಕೋಟ್ ಬಳಿಯಿರಿ, ನಡುವೆ ಒಂದು ದಿನ ಬಿಡಿ. ಅಗಸೆ ಎಣ್ಣೆ, ವಾರ್ನಿಷ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೂಬೇಡಿ. ಅವೂ ಆಮ್ಲಜನಕ ಹೀರುತ್ತವೆ, ಶಾಖ ಒಳಗೇ ಉಳಿದು ತಾನಾಗಿ ಬೆಂಕಿ ಹತ್ತುತ್ತದೆ. ನೀರಿನಲ್ಲಿ ನೆನೆಸಿ ಅಥವಾ ಬಿಡಿಸಿ ಹೊರಗೆ ಹರಡಿ.

ಜಿರ್ಕೋನಿಯಂ ಇರುವ ಜಾಗದಲ್ಲಿ ಹಿಂದೆ ಸೀಸ ಇತ್ತು. ಆಳದವರೆಗೆ ಒಣಗಿಸುವುದರಲ್ಲಿ ಸೀಸದ ನಾಫ್ತನೇಟ್ ಎಂಬ ಸೋಪು ಬಹಳ ಚೆನ್ನಾಗಿತ್ತು, ಅಗ್ಗವೂ ಆಗಿತ್ತು. ಶೇ 0.5 ಸೀಸ ಹಾಕಿದರೆ ಮೇಲಿನ ಲೆಕ್ಕದಲ್ಲೇ 100 ಕೆಜಿ ಬಣ್ಣಕ್ಕೆ 200 ಗ್ರಾಂ, ಅಂದರೆ ದಶಲಕ್ಷಕ್ಕೆ 2000 ಭಾಗ. 2016ರಲ್ಲಿ ಹೊರಟು 2017ರ ನವೆಂಬರಿನಿಂದ ಜಾರಿಯಾದ ನಮ್ಮ ದೇಶದ ನಿಯಮ ಮನೆಬಳಕೆಯ ಬಣ್ಣಗಳಿಗೆ ಇಟ್ಟ ಮಿತಿ ದಶಲಕ್ಷಕ್ಕೆ 90 ಭಾಗ. ಡ್ರೈಯರ್ ಒಂದರಿಂದಲೇ ಮಿತಿ ಇಪ್ಪತ್ತು ಪಟ್ಟು ಮೀರುತ್ತಿತ್ತು. ಮಕ್ಕಳು ಕಚ್ಚುವ ಕಿಟಕಿ, ತೊಟ್ಟಿಲು, ಆಟಿಕೆಗಳ ಮೇಲೆ ಬಳಿಯುವ ವಸ್ತುವಿನಲ್ಲಿ ಇದನ್ನು ಬಿಡಲೇಬೇಕಿತ್ತು. ಹಳೆಯ ಎನಾಮಲ್ ಉಜ್ಜುವಾಗ ಒಣ ಮರಳು ಕಾಗದ ಬಳಸದೆ, ನೀರು ಹಾಕಿ ಉಜ್ಜುವುದು ಇದೇ ಕಾರಣಕ್ಕೆ.

ಇದೇ ಕೋಬಾಲ್ಟ್ ಆಕ್ಟೋಯೇಟ್ ಫೈಬರ್‌ಗ್ಲಾಸ್ ಶೆಡ್ಡುಗಳಲ್ಲೂ ಇದೆ. ನೀರಿನ ಟ್ಯಾಂಕು, ದೋಣಿ, ಚಾವಣಿ ಹಾಳೆ ಮಾಡುವ ಪಾಲಿಎಸ್ಟರ್ ರೆಸಿನ್ನಿಗೆ ಅದು ಆಕ್ಸಿಲರೇಟರ್, ಅಂದರೆ ಬೇಗ ಗಟ್ಟಿಯಾಗಿಸುವ ವಸ್ತು. ಅಲ್ಲಿ ಗಾಳಿಯ ಪೆರಾಕ್ಸೈಡ್ ಬದಲು ನಾವೇ ಹಾಕುವ ಪೆರಾಕ್ಸೈಡ್, ಅಂದರೆ ಎಂಇಕೆಪಿ (ಮೀಥೈಲ್ ಎಥೈಲ್ ಕೀಟೋನ್ ಪೆರಾಕ್ಸೈಡ್), ಕೋಬಾಲ್ಟಿನಿಂದ ಮುರಿಯುತ್ತದೆ. 1 ಕೆಜಿ ರೆಸಿನ್ನಿಗೆ ಶೇ 6ರ ಕೋಬಾಲ್ಟ್ 2ರಿಂದ 4 ಗ್ರಾಂ, ಎಂಇಕೆಪಿ 10ರಿಂದ 20 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ಮೊದಲೇ ಕೋಬಾಲ್ಟ್ ಬೆರೆಸಿದ ರೆಸಿನ್ ಕೂಡ ಬರುತ್ತದೆ, ತಿಳಿ ಗುಲಾಬಿ-ನೇರಳೆ ಛಾಯೆ ಅದರ ಗುರುತು. ಅದಕ್ಕೆ ಮತ್ತೆ ಹಾಕಬಾರದು.

ಪ್ರಾಣದ ಪ್ರಶ್ನೆ ಇರುವುದು ಇಲ್ಲೇ. ಕೋಬಾಲ್ಟ್ ಮತ್ತು ಎಂಇಕೆಪಿ ಎರಡನ್ನೂ ನೇರವಾಗಿ ಎಂದೂ ಬೆರೆಸಬಾರದು. ಕುದಿದು ಹಾರುತ್ತದೆ, ಬೆಂಕಿ ಹತ್ತುತ್ತದೆ, ಸ್ಫೋಟಿಸಲೂಬಹುದು. ಒಂದೇ ಅಳತೆ ಲೋಟ, ಒಂದೇ ಸಿರಿಂಜು, ಒಂದೇ ಒರೆಸುವ ಬಟ್ಟೆ ಎರಡಕ್ಕೂ ಬಳಸುವುದೂ ಅಷ್ಟೇ ಅಪಾಯ. ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಬಣ್ಣ ಒಂದೇ ಸಮ ಆಗುವವರೆಗೆ ಕಲಕಿ, ಆಮೇಲಷ್ಟೇ ಎಂಇಕೆಪಿ ಹಾಕಬೇಕು. ಎರಡು ಬಾಟಲಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಿ, ಎಂಇಕೆಪಿ ಹಾಕುವಾಗ ಕಣ್ಣಿಗೆ ಕನ್ನಡಕ ಇರಲಿ. ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು.

ಬಿಸಿಲಿನ ದಿನ ರೆಸಿನ್ ಬೇಗ ಗಟ್ಟಿಯಾಗುತ್ತದೆಂದು ಎಂಇಕೆಪಿಯನ್ನು ಶೇ 1ಕ್ಕಿಂತ ಕೆಳಗೆ ಇಳಿಸುವುದು ಸಾಮಾನ್ಯ ತಪ್ಪು. ಆಗ ರೆಸಿನ್ ಗಟ್ಟಿಯಾದಂತೆ ಕಂಡರೂ ಪೂರ್ತಿ ಬೆಂದಿರುವುದಿಲ್ಲ, ಕೆಲವು ವಾರಗಳಲ್ಲಿ ಬಾಗುತ್ತದೆ, ರೆಸಿನ್ನನ್ನು ತೆಳುವಾಗಿಡುವ ಸ್ಟೈರೀನ್ ದ್ರವದ ವಾಸನೆ ಹೋಗುವುದೇ ಇಲ್ಲ. ಸಮಯ ಬೇಕಾದರೆ ಇಳಿಸಬೇಕಾದದ್ದು ಕೋಬಾಲ್ಟನ್ನು. ಕೋಬಾಲ್ಟ್ ಹೆಚ್ಚಾದರೆ ಎರಕ ಹೊಯ್ದ ವಸ್ತು ಕಂದಾಗುತ್ತದೆ, ದಪ್ಪ ಜಾಗಗಳು ಕಾದು ಬಿರಿಯುತ್ತವೆ. ಇನ್ನೊಂದು ಮಾತು: ಎನಾಮಲ್ಲಿಗೆ ಆಮ್ಲಜನಕ ಬೇಕೇ ಬೇಕು, ಪಾಲಿಎಸ್ಟರಿಗೆ ಅದು ಶತ್ರು. ಗಾಳಿ ತಾಕುವ ಮೇಲ್ಮೈ ಅಂಟಂಟಾಗಿ ಉಳಿಯುವುದು ಕೋಬಾಲ್ಟ್ ಕಡಿಮೆಯಾಗಿ ಅಲ್ಲ, ಗಾಳಿಯಿಂದ. ಕೊನೆಯ ಕೋಟಿಗೆ ಸ್ಟೈರೀನಿನಲ್ಲಿ ಕರಗಿಸಿದ ಸ್ವಲ್ಪ ಪ್ಯಾರಾಫಿನ್ ಮೇಣ ಬೆರೆಸಿದರೆ ಅದು ಮೇಲೆ ತೇಲಿ ಗಾಳಿಯನ್ನು ತಡೆಯುತ್ತದೆ.

ಗ್ರೀಸಿನ ಕತೆ ಬೇರೆ. ಅಲ್ಲಿ ಲೋಹದ ಸೋಪು ಎಣ್ಣೆಯನ್ನು ಸ್ಪಂಜಿನ ಹಾಗೆ ಹಿಡಿದಿಡುವ ನಾರಿನ ಬಲೆ. ಕ್ಯಾಲ್ಸಿಯಂ ಗ್ರೀಸು ನೀರಿಗೆ ಜಗ್ಗುವುದಿಲ್ಲ, ಆದರೆ ಅದರ ಬಲೆ ನಿಲ್ಲುವುದೇ ಒಳಗಿರುವ ಸ್ವಲ್ಪ ನೀರಿನಿಂದ. ಬೇರಿಂಗ್ ಬಿಸಿಯಾಗಿ ಆ ನೀರು ಹೋದರೆ ಎಣ್ಣೆ ಬೇರೆ, ಸೋಪು ಬೇರೆ. ಸೋಡಿಯಂ ಗ್ರೀಸು ಬಿಸಿ ತಡೆಯುತ್ತದೆ, ನೀರಿನಲ್ಲಿ ತೊಳೆದುಹೋಗುತ್ತದೆ. ಎರಡನ್ನೂ ತಡೆಯುವುದು ಲಿಥಿಯಂ. ಕ್ಲಾರೆನ್ಸ್ ಅರ್ಲ್ ಅದಕ್ಕೆ 1942ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಇಂದಿನ ಲಿಥಿಯಂ ಗ್ರೀಸಿನ ಆಮ್ಲ ಬರುವುದು ನಮ್ಮ ಹರಳೆಣ್ಣೆಯಿಂದ: ಎಣ್ಣೆಗೆ ಹೈಡ್ರೋಜನ್ ಸೇರಿಸಿ, ಒಡೆದರೆ ಸಿಗುವ 12-ಹೈಡ್ರಾಕ್ಸಿ ಸ್ಟಿಯರಿಕ್ ಆಮ್ಲ. ಹರಳು ಬೆಳೆಯುವುದರಲ್ಲಿ ಜಗತ್ತಿಗೇ ಭಾರತ ಮುಂದು, ಅದರಲ್ಲೂ ಗುಜರಾತ್.

100 ಕೆಜಿ ಆಮ್ಲಕ್ಕೆ 14 ಕೆಜಿ ಲಿಥಿಯಂ ಹೈಡ್ರಾಕ್ಸೈಡ್ ಮಾನೋಹೈಡ್ರೇಟ್ ಬೇಕು. 100 ಕೆಜಿ ಗ್ರೀಸಿಗೆ 8 ಕೆಜಿ ಆಮ್ಲ ಹಾಕಿದರೆ 1.12 ಕೆಜಿ. ಆಮ್ಲವನ್ನು ಒಂದು ಪಾಲು ಎಣ್ಣೆಯಲ್ಲಿ 80-90 ಡಿಗ್ರಿಗೆ ಕರಗಿಸಿ, ಲಿಥಿಯಮ್ಮನ್ನು ಬಿಸಿ ನೀರಿನಲ್ಲಿ ಕರಗಿಸಿ ನಿಧಾನವಾಗಿ ಸುರಿಯಬೇಕು. ಬೇಗ ಸುರಿದರೆ ಉಕ್ಕುತ್ತದೆ. ಕೆಟಲಿನ ಮೂರನೇ ಒಂದು ಭಾಗವಾದರೂ ಖಾಲಿ ಇರಲಿ. ನೀರು ಪೂರ್ತಿ ಹೋದ ಮೇಲೆ 200 ಡಿಗ್ರಿ ದಾಟಿಸಿ ಸೋಪನ್ನು ಕರಗಿಸಿ, ಉಳಿದ ಎಣ್ಣೆ ಸೇರಿಸುತ್ತ ತಣಿಸಿ, ಕೊನೆಗೆ ಮಿಲ್ಲಿನಲ್ಲಿ ಹಾಯಿಸುತ್ತಾರೆ. ಕರಗುವ ಮುಂಚೆಯೇ ಇಳಿಸಿದರೆ ಗ್ರೀಸಿನಲ್ಲಿ ಕಾಳು ಉಳಿಯುತ್ತದೆ. ಒಂದು ಬೇರಿಂಗಿನಲ್ಲಿ ಸೋಡಿಯಂ ಗ್ರೀಸಿನ ಮೇಲೆ ಲಿಥಿಯಂ ತುಂಬಿದರೆ ಎರಡು ಬಲೆಗಳೂ ಸಡಿಲಾಗಿ ಎಣ್ಣೆ ಸೋರುತ್ತದೆ. ಹಳೆಯದನ್ನು ತೆಗೆದು ಒರೆಸಿಯೇ ಹೊಸದು.

ಪಿವಿಸಿ ಪೈಪಿನಲ್ಲಿ ಸತು ಮತ್ತು ಕ್ಯಾಲ್ಸಿಯಂ ಸ್ಟಿಯರೇಟ್ (ಸ್ಟಿಯರಿಕ್ ಆಮ್ಲದ ಸೋಪು) ಜೋಡಿಯಾಗಿ ಹೋಗುತ್ತವೆ, ಬಿಸಿಗೆ ಪಿವಿಸಿ ಕೆಡದಂತೆ ಕಾಯುವ ಸ್ಟೆಬಿಲೈಸರ್ ಆಗಿ. ಸತು ಪಿವಿಸಿಯ ಸಡಿಲ ಕ್ಲೋರಿನ್ನನ್ನು ಬೇಗ ಹಿಡಿಯುತ್ತದೆ, ಪೈಪು ಬಿಳಿಯಾಗಿ ಹೊರಬರುತ್ತದೆ. ಆದರೆ ಹಾಗೆ ಹುಟ್ಟಿದ ಸತುವಿನ ಕ್ಲೋರೈಡೇ ಪಿವಿಸಿಯನ್ನು ಸುಡುವ ವಸ್ತು. ಹತ್ತು ನಿಮಿಷ ಬಿಳಿಯಾಗಿದ್ದದ್ದು ಒಮ್ಮೆಗೇ ಕರ್ರಗಾಗುತ್ತದೆ. ಕ್ಯಾಲ್ಸಿಯಂ ಆ ಕ್ಲೋರಿನ್ನನ್ನು ಸತುವಿನಿಂದ ತಾನು ಪಡೆದು, ಸತುವನ್ನು ಮತ್ತೆ ಸ್ಟಿಯರೇಟ್ ಮಾಡಿ ಕಳಿಸುತ್ತದೆ. ಪೈಪು ಹೊರಬರುವ ಡೈ ಬಾಯಿಯಲ್ಲಿ ಕಪ್ಪು ಗೆರೆ ಬಂದ ಕೂಡಲೇ ಸ್ಟೆಬಿಲೈಸರ್ ಹೆಚ್ಚಿಸುವವರು ಅದರಲ್ಲಿ ಸತು ಎಷ್ಟು, ಕ್ಯಾಲ್ಸಿಯಂ ಎಷ್ಟು ಎಂದು ಮೊದಲು ನೋಡಲಿ. ಸತುವೇ ಜಾಸ್ತಿಯಿದ್ದರೆ ಹೆಚ್ಚಿಸಿದಷ್ಟೂ ಬೇಗ ಸುಡುತ್ತದೆ.

ಮಾತ್ರೆ ಒತ್ತುವಲ್ಲಿ ಮೆಗ್ನೀಷಿಯಂ ಸ್ಟಿಯರೇಟ್ ಶೇ 0.25ರಿಂದ 1ರಷ್ಟು, ಪಂಚಿಗೆ ಪುಡಿ ಅಂಟದಿರಲೆಂದು. ಎಲ್ಲ ಬೆರೆಸಿದ ಮೇಲೆ ಕೊನೆಯ ಎರಡರಿಂದ ಐದು ನಿಮಿಷ ಮಾತ್ರ ಅದನ್ನು ಬೆರೆಸಬೇಕು. ಹೆಚ್ಚು ತಿರುಗಿಸಿದರೆ ಪ್ರತಿ ಕಣಕ್ಕೂ ಜಿಡ್ಡಿನ ಪೊರೆ ಹತ್ತಿ ಮಾತ್ರೆ ಮೆತ್ತಗಾಗುತ್ತದೆ, ಹೊಟ್ಟೆಯಲ್ಲಿ ಕರಗಲೂ ತಡ.

ಬೇಕರಿಗಳಲ್ಲಿ ಆಮ್ಲದ ಸರಪಳಿ ತೀರ ಚಿಕ್ಕದು, ಮೂರೇ ಕಾರ್ಬನ್ನಿನ ಪ್ರೊಪಿಯಾನಿಕ್ ಆಮ್ಲ. ಬೂಸಲು ತಡೆಯುವ ಕೆಲಸ ಇಲ್ಲಿ ಆಮ್ಲದ್ದೇ, ಲೋಹ ಬರೀ ಹೊತ್ತು ತರುವುದು. ಹಾಗಿದ್ದರೂ ಯಾವ ಲೋಹ ಎಂಬುದು ಲೆಕ್ಕಕ್ಕೆ ಬರುತ್ತದೆ: ಯೀಸ್ಟಿನ ಬ್ರೆಡ್ಡಿಗೆ ಕ್ಯಾಲ್ಸಿಯಂ ಪ್ರೊಪಿಯೊನೇಟ್, ಮೈದಾದ ಶೇ 0.1ರಿಂದ 0.4, ಬೇಕಿಂಗ್ ಪೌಡರಿನ ಕೇಕಿಗೆ ಸೋಡಿಯಂ ಪ್ರೊಪಿಯೊನೇಟ್. ಕೇಕಿಗೆ ಕ್ಯಾಲ್ಸಿಯಮ್ಮಿನದನ್ನು ಹಾಕಿದರೆ ಅದು ಬೇಕಿಂಗ್ ಪೌಡರಿನ ಕೆಲಸಕ್ಕೆ ಅಡ್ಡ ಬಂದು ಕೇಕು ಸರಿಯಾಗಿ ಉಬ್ಬುವುದಿಲ್ಲ.